ಶ್ರೀಕಾರದ ಮೇಲೆ ನಿಂತ ಕರ್ಸರ್

ಗುರುಸಿದ್ಧ ಕಮತರ ಒಂದು ಸಲ ಸೀನಿದ್ದಕ್ಕೆ ಮೂರು ಜಿಲ್ಲೆಗಳ ಕಂಪ್ಯೂಟರುಗಳು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡು, ಕಿವಿ ಹಿಡಿದು, ಬಸ್ಕಿ ಹೊಡೆದಿದ್ದವು. ನಂಬದವರು ಗಾಳಿಕಟ್ಟಿಗೆ ಹೋಗಿ ಅವನನ್ನೇ ಕೇಳಬಹುದು. ಅವನು ಹೌದೆನ್ನುತ್ತಾನೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಕ್ಕೀತು? ತೊಟ್ಟಿಲ ಕೂಸಾಗಿದ್ದಾಗಲೇ, ಅಜ್ಜಿ ಹಾಡುತ್ತಿದ್ದ ಜೋಗುಳದ ಮೂರನೇ ಸಾಲಿನಲ್ಲಿ ತಪ್ಪಿದೆ ಎಂದು ತಿಳಿದು ಅವನು ಚಿಟ್ಟನೆ ಚೀರಿದ್ದನಂತೆ; ಅಜ್ಜಿ ಸಾಲು ತಿದ್ದಿ ಹಾಡಿದ ಮೇಲೆಯೇ ಕಣ್ಣು ಮುಚ್ಚಿದನಂತೆ. ಇದನ್ನು ಅಜ್ಜಿ ಹೇಳುತ್ತಿದ್ದಳು ಎಂದು ಅವನು ಹೇಳುತ್ತಿದ್ದ. ಅಜ್ಜಿ ಈಗ ಇಲ್ಲ. ಹೀಗಾಗಿ ಅವಳ ಕಡೆಯಿಂದ ತಕರಾರೂ ಇಲ್ಲ.

ಗಾಳಿಕಟ್ಟಿಯಲ್ಲಿ ಕೆರೆಯಿಲ್ಲ, ಬಾವಿಯಿಲ್ಲ, ಬೋರ್‌ವೆಲ್ ಇಲ್ಲ. ಊರ ನಡುವೆ ಒಂದು ಗೋಪುರವಿದೆ, ಅಷ್ಟೇ. ಅದು ಗಾಳಿಯನ್ನು ಒಳಗೆಳೆದುಕೊಂಡು, ತಣ್ಣಗೆ ಮಾಡಿ, ಒದ್ದೆ ಧೋತರ ಹಿಂಡಿದ ಹಾಗೆ ಹಿಂಡಿ ನೀರು ತೆಗೆಯುತ್ತದೆ. ಅದರ ನೆತ್ತಿಯ ಮೇಲೆ ನಿಂತರೆ ಚಂದ್ರನಿಗೆ ಕೈಚಾಚಿ ಎಲೆ ಅಡಿಕೆ ಕೊಡಬಹುದು ಎಂದು ಗುರುಸಿದ್ಧ ಹೇಳುತ್ತಾನೆ; ಟೇಪು ಹಿಡಿದು ಅಳೆದರೆ ನಲವತ್ತೆರಡು ಮೀಟರು. ಗಾಳಿಯಿಂದ ಹಿಂಡಿದ ನೀರಾದ್ದರಿಂದ ಬೇಕಾಬಿಟ್ಟಿ ಚೆಲ್ಲುವ ಹಾಗಿಲ್ಲ. ಊರಿನ ನಲವತ್ತು ಓಣಿಗಳಿಗೆ ನಲವತ್ತು ಕಡತಗಳಿವೆ. ಕಡತದಲ್ಲಿ ಮನೆಗೊಂದು ಸಾಲು. ಆ ಮನೆಯ ನಳಕ್ಕೆ ಮುಂಜಾನೆ ಎಷ್ಟು ಕೊಡ ನೀರು, ಸಂಜೆ ಎಷ್ಟು ಕೊಡ ಎಂದು ಆ ಸಾಲಿನಲ್ಲಿ ಬರೆದಿರುತ್ತದೆ. ಕಡತದ ನೆತ್ತಿಗೆ ಆಯಾ ಓಣಿಯವರು ಕೂಡಿ ಒಪ್ಪಿದ ಮಂಗಳದ ಗುರುತು: ಮೊದಲ ಓಣಿಗೆ ಶ್ರೀ, ಒಂಬತ್ತನೆಯದಕ್ಕೆ 786, ಹನ್ನೆರಡನೆಯದಕ್ಕೆ ಜೈ ಭೀಮ್, ಇಗರ್ಜಿಯ ಹಿಂದಿನ ಓಣಿಗೆ ಒಂದು ಶಿಲುಬೆ. ಬರೆಯುವುದು ಕಂಪ್ಯೂಟರಿನಲ್ಲೇ ಆದರೂ, ಬೋಳು ಹಣೆಯ ಕಡತಕ್ಕೆ ನೀರು ಬಂದೀತೆಂದು ಗಾಳಿಕಟ್ಟಿಯಲ್ಲಿ ಯಾರೂ ನಂಬುವುದಿಲ್ಲ.

ದಿನಾ ಬೆಳಗಿನ ಆರಕ್ಕೆ ಗೋಪುರದ ಬುಡದ ನಿಯಂತ್ರಣ ಕೋಣೆಯಲ್ಲಿ ಈ ಕಡತಗಳನ್ನು ಕಂಪೈಲರ್ ಓದುತ್ತದೆ. ಓದಿ, ಮನುಷ್ಯರ ಭಾಷೆಯನ್ನು ನಳಗಳ ಭಾಷೆಗೆ ಇಳಿಸುತ್ತದೆ. ಕೋಣೆಯವರು ಅದಕ್ಕೆ ‘ಮಾಸ್ತರು’ ಎಂದು ಹೆಸರಿಟ್ಟಿದ್ದರು, ಅದರ ಸ್ವಭಾವವೇ ಹಾಗಿತ್ತು. ಮೊದಲ ತಪ್ಪು ಕಂಡ ಕೂಡಲೇ ಪಾಟಿಯನ್ನು ಎಸೆದು ಸುಮ್ಮನಾಗುವ ಹಳೆಯ ಕಾಲದ ಮಾಸ್ತರು. ಮುಂದೆ ಓದುವುದಿಲ್ಲ. ‘ತಪ್ಪು: ಮೊದಲ ಓಣಿ: 7: ಕಂಸ ಮುಚ್ಚಿಲ್ಲ’ ಎಂದು ಒಂದು ಸಾಲು ಉಗುಳಿ ಮೌನ. ಆ ದಿನ ಆ ಓಣಿಗೆ ಹಳೆಯ ಆಜ್ಞೆಯೇ ಗತಿ; ತಪ್ಪು ಸಿಕ್ಕ ಮನೆಯ ನಳವನ್ನು ಮಾತ್ರ ಕೋಣೆಯವರು ಮರುದಿನದವರೆಗೆ ಬಂದ್ ಮಾಡುತ್ತಾರೆ.

ಏಳನೆಯ ಸಾಲು ಯಾವುದು ಎಂದು ಹುಡುಕುವುದು ದ್ಯಾಮವ್ವ ಹೊಸಮನಿಯ ಕೆಲಸ. ಇಪ್ಪತ್ತೆರಡು ವರ್ಷ ಅವಳು ಪರದೆಗೆ ತೋರುಬೆರಳು ಹಚ್ಚಿ ಒಂದು, ಎರಡು ಎಂದು ಎಣಿಸುತ್ತ ಇಳಿದಿದ್ದಳು. ಇಳಿದಿಳಿದು ಪರದೆಯ ಎಡ ಅಂಚಿನಲ್ಲಿ ಬೆರಳಗಲದ ಮಸುಕು ಗೆರೆ ಬಿದ್ದಿತ್ತು. ನಡುವೆ ಅವಳಿಗೊಂದು ಹೊಸ ಕಂಪ್ಯೂಟರ್ ಬಂದಿತ್ತಾದರೂ ಹೋದ ಬೇಸಗೆಯಲ್ಲಿ, ಯಾಕೆಂದು ಯಾರಿಗೂ ತಿಳಿಯದ ಹಾಗೆ, ಅದು ಕೆಟ್ಟು ನಿಂತು ಅವಳು ಮತ್ತೆ ಹಳೆಯದಕ್ಕೇ ಬಂದಿದ್ದಳು. ಗೆರೆಯಾದರೂ ಪರಿಚಯದ್ದು ಎಂದು ಸಮಾಧಾನ ಮಾಡಿಕೊಂಡಿದ್ದಳು.

ನೂರಾ ನಲವತ್ತು ಮನೆಗಳಿರುವ ಇಪ್ಪತ್ತನೇ ಓಣಿಯಲ್ಲಿ ಬೆರಳು ಇಳಿಯುವಷ್ಟರಲ್ಲಿ ಚಹಾ ಆರುತ್ತಿತ್ತು. ಇದನ್ನು ನೋಡಿ ನೋಡಿ, ಅದೇ ಕೋಣೆಯಲ್ಲಿ ಪ್ರೋಗ್ರಾಂ ಬರೆಯುವ ಗುರುಸಿದ್ಧನಿಗೆ ಒಂದು ದಿನ ಬುದ್ಧಿ ಹೊಳೆಯಿತು. ಮಾಸ್ತರು ತಪ್ಪಿನ ಸಾಲಿನ ಸಂಖ್ಯೆ ಹೇಳುತ್ತಾರೆ. ಕಡತ ತಿದ್ದುವ ಎಡಿಟರ್ ಪಕ್ಕದಲ್ಲೇ ತೆರೆದಿರುತ್ತದೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ಮಾತು ಬಿಟ್ಟ ಗಂಡ ಹೆಂಡಿರ ಹಾಗೆ. ನಡುವೆ ದ್ಯಾಮವ್ವನ ಬೆರಳು ಸಂಧಾನ ಮಾಡಬೇಕು. ಆ ಎಡಿಟರಿಗೇ ಮಾಸ್ತರ ಬೈಗುಳದ ಗುರುತು ಹಿಡಿಯುವುದನ್ನು ಕಲಿಸಿದರೆ?

ಕಲಿಸುವ ಉಪಾಯವೇನೂ ದೊಡ್ಡದಲ್ಲ, ಚಕ್ಕುಲಿ ಒರಳಿನ ಅಚ್ಚಿನದು. ಮೊದಲು ‘ತಪ್ಪು’ ಎಂಬ ಪದ, ಆಮೇಲೆ ಎರಡು ಚುಕ್ಕಿ, ಕಡತದ ಹೆಸರು, ಮತ್ತೆ ಎರಡು ಚುಕ್ಕಿ, ಒಂದು ಸಂಖ್ಯೆ. ಈ ಅಚ್ಚಿನಲ್ಲಿ ತೂರಿ ಬಂದದ್ದೆಲ್ಲ ತಪ್ಪಿನ ಸುದ್ದಿ. ತೂರದ್ದು ಬರೀ ಹರಟೆ. ಅಚ್ಚಿಗೆ ಹೊಂದಿದ ಸಾಲು ಕಂಡ ಕೂಡಲೇ ಎಡಿಟರ್ ಆ ಹೆಸರಿನ ಕಡತ ತೆರೆದು, ಆ ಸಂಖ್ಯೆಯ ಸಾಲಿಗೆ ಜಿಗಿದು, ಕರ್ಸರನ್ನು ಅಲ್ಲಿ ಮಿಣಮಿಣ ಮಿಂಚಿಸಿ ನಿಲ್ಲಿಸಬೇಕು; ಓಣಿಯ ಕಡತವಾದರೆ ಕರ್ಸರ್ ನಿಂತ ಮನೆಯ ನಳವನ್ನೂ ತಾನೇ ಬಂದ್ ಮಾಡಬೇಕು. ಇದಕ್ಕಾಗಿ ತಾನು ಆರು ತಿಂಗಳು ನಿದ್ದೆಗೆಟ್ಟೆ ಎಂದು ಗುರುಸಿದ್ಧ ಎಲ್ಲರಿಗೂ ಹೇಳಿದ. ಕೆಟ್ಟದ್ದು ಎರಡು ಮಧ್ಯಾಹ್ನದ ನಿದ್ದೆ.

ಪರೀಕ್ಷೆ ನಡೆದದ್ದು ಮನೆಯ ಕಡತದ ಮೇಲೆ. ಹೆಂಡತಿ ದಾಕ್ಷಾಯಣಿ ಫೋನಿನಿಂದ ಕಳಿಸುವ ಸಂದೇಶಗಳು ಕಣ್ಣಿಗೆ ಬೀಳಲಿ ಎಂದು ಅವನು ಅವನ್ನು ಕೋಣೆಯ ಪರದೆಗೇ ಜೋಡಿಸಿಕೊಂಡಿದ್ದ, ಮಾಸ್ತರ ಸುದ್ದಿ ಬರುವ ಕಿಂಡಿಗೇ. ಸಂತೆಯ ಪಟ್ಟಿಗೂ ಒಂದು ಕಡತ ಮಾಡಿ ‘ಮನಿ’ ಎಂದು ಹೆಸರಿಟ್ಟಿದ್ದ: ಉಪ್ಪು, ತೊಗರಿಬೇಳೆ, ಸಾಬೂನು, ಅಗರಬತ್ತಿ. ಅಚ್ಚಿನ ಗುಟ್ಟನ್ನು ಗಂಡನ ಬಾಯಿಂದ ಊಟದ ಹೊತ್ತಿನಲ್ಲಿ ನಲವತ್ತು ಸಲ ಕೇಳಿದ್ದ ದಾಕ್ಷಾಯಣಿ ಒಂದು ದಿನ ಅದೇ ಧಾಟಿಯಲ್ಲಿ ಬರೆದು ಕಳಿಸಿದಳು: ‘ತಪ್ಪು: ಮನಿ: 3: ಮೈಗೆ ಅಲ್ಲ, ಅರಬಿ ಒಗಿಯು ಸಾಬೂನು.’ ಎಡಿಟರ್ ಕಡತ ತೆರೆದು ಸಾಬೂನಿನ ಮೇಲೆ ಹೋಗಿ ನಿಂತಿತು. ಗುರುಸಿದ್ಧ ಕುರ್ಚಿ ಬಿಟ್ಟೆದ್ದು ಕುಣಿದ. ಮರುದಿನ ಮುಖ್ಯ ಎಂಜಿನಿಯರ್ ನದಾಫ್ ಬಾಯಿಯವರ ಎದುರು ನಿಂತು, ಹತ್ತು ಸಾವಿರ ಕಡತಗಳ ಮೇಲೆ ಪರೀಕ್ಷೆ ಮಾಡಿದ್ದೇನೆ, ಒಂದೂ ಗುರಿ ತಪ್ಪಿಲ್ಲ ಎಂದು ವರದಿ ಒಪ್ಪಿಸಿದ.

ನದಾಫ್ ಬಾಯಿ ತೂಗಿ ಮಾತಾಡುವ ಹೆಂಗಸು. ಮೊದಲ ಓಣಿ ಒಂದರ ಮೇಲೆ ಹದಿನೈದು ದಿನ ನಡೆಸಿ ನೋಡಿ, ಆಮೇಲೆ ತಾವೇ ಬಂದು ಕಂಡು, ಸರಿಯಿದ್ದರೆ ಉಳಿದ ಮೂವತ್ತೊಂಬತ್ತಕ್ಕೂ ಹಾಕೋಣ ಎಂದರು. ಕೈಪಿಡಿ ಓದಿದ್ದೀರಾ ಎಂದೂ ಕೇಳಿದರು. ಕಂಪೈಲರ್ ಬರೆದ ತಂಡದಲ್ಲಿ ಅವರೂ ಇದ್ದವರು. ಅದರ ಕೈಪಿಡಿ ಇನ್ನೂರು ಪುಟದ್ದು. ಗುರುಸಿದ್ಧ ಕಣ್ಣು ಮುಚ್ಚಿ, ಹಿಂದಿನಿಂದ ಮುಂದಕ್ಕೆ ಬಾಯಿಪಾಠ ಎಂದ.

ಕೋಣೆಗೆ ಬಂದವನೇ ದ್ಯಾಮವ್ವನಿಗೆ ಆಜ್ಞೆ ಮಾಡಿದ: ಮೊದಲ ಓಣಿಯ ಕಡತದ ಹತ್ತಿರ ಇನ್ನು ಬೆರಳು ತರಬೇಡ, ಆ ಬೆರಳಿಗೆ ಉಂಗುರ ಮಾಡಿಸಿಕೋ. ಸಾಲದ್ದಕ್ಕೆ ಮಾಸ್ತರ ಸುದ್ದಿಯ ಕಿಂಡಿಯನ್ನೇ ಮುಚ್ಚಿಟ್ಟ. ಜಿಗಿದು ತೋರಿಸುವ ಕರ್ಸರ್ ಇರುವಾಗ ಬೈಗುಳ ಓದಿ ಯಾಕೆ ಮನಸ್ಸು ಕೆಡಿಸಿಕೊಳ್ಳಬೇಕು ಎಂಬುದು ಅವನ ವಾದ. ದ್ಯಾಮವ್ವ ತನ್ನ ಮೂವತ್ತೊಂಬತ್ತು ಓಣಿ ತಾನು ಎಣಿಸುತ್ತ ಕೂತಳು.

ಮೊದಲ ಓಣಿಯಲ್ಲಿ ಇರುವುದು ಹನ್ನೊಂದೇ ಮನೆ. ಗೋಪುರದ ಪಕ್ಕದ ಮೊದಲ ಮನೆ ಗುರುಸಿದ್ಧನದು. ಕೊನೆಯದು, ಹನ್ನೊಂದನೆಯದು, ಶಿವಗಂಗವ್ವನದು. ಪ್ರಯೋಗ ಶುರುವಾದ ದಿನವೇ ಶಿವಗಂಗವ್ವನ ಮಗಳು ತವರಿಗೆ ಬಂದು ಹೆಣ್ಣು ಹಡೆದಳು. ಬಾಣಂತಿ ಎಂದರೆ ಸುಮ್ಮನೆಯೇ? ದಿನಕ್ಕೆ ಎರಡು ಹೊತ್ತು ಹಂಡೆಗಟ್ಟಲೆ ಕಾಯಿಸಿದ ನೀರು ಬೆನ್ನ ಮೇಲೆ ಬೀಳಬೇಕು, ಕೂಸಿನ ನೀರು ಬೇರೆ, ಬಟ್ಟೆಯ ನೀರು ಬೇರೆ. ಹದಿಮೂರನೇ ದಿನಕ್ಕೆ ತೊಟ್ಟಿಲು ಹಾಕುವುದು, ಬೀಗರ ಕಡೆಯವರೇ ಅರವತ್ತು ಮಂದಿ. ಶಿವಗಂಗವ್ವನ ಸಾಲಿನಲ್ಲಿದ್ದದ್ದು ಒಟ್ಟು ಹನ್ನೆರಡು ಕೊಡ.

ಅವಳು ಸೆರಗು ಹೊದ್ದು ಕೋಣೆಗೆ ಬಂದಾಗ ಗುರುಸಿದ್ಧ ಯಾರಿಗೋ ಮೂರು ಜಿಲ್ಲೆಯ ಸೀನಿನ ಕಥೆ ಹೇಳುತ್ತಿದ್ದ. ಕಥೆ ನಿಲ್ಲಿಸದೆಯೇ ಅವಳ ಸಾಲಿನಲ್ಲಿ ಹನ್ನೆರಡು ಇದ್ದದ್ದನ್ನು ಮೂವತ್ತು ಮಾಡಿದ, ‘ಬಾಣಂತಿ ಮನೆ’ ಎಂದು ಕಂಸದಲ್ಲಿ ಸೇರಿಸಿದ.

“ಬೇ, ನೀ ಮನಿ ಮುಟ್ಟಿ ಮಲಗಿ ಏಳೂದ್ರಾಗ ನೀರು ನಿನ್ನ ಹಂಡೇದಾಗ ಇರತೈತಿ. ಇರಲಿಲ್ಲಂದ್ರ ನನ್ನ ಹೆಸರ ಬದಲಿ ಮಾಡಿ ತೊಟ್ಟಿಲದಾಗ ಇಡು” ಎಂದ.

“ಹೆಸರ ಬ್ಯಾಡಪಾ ತಮ್ಮಾ, ನೀರ ಕೊಡು ಸಾಕು” ಎಂದು ಶಿವಗಂಗವ್ವ ಹೋದಳು.

ಮರುದಿನ ಆರಕ್ಕೆ ಮಾಸ್ತರು ಓದಿದರು. ಎಡಿಟರ್ ಮಿಂಚಿನ ಹಾಗೆ ಜಿಗಿಯಿತು. ಕರ್ಸರ್ ಹೋಗಿ ನಿಂತದ್ದು ಹತ್ತನೇ ಮನೆಯ ಸಾಲಿನ ಮೇಲೆ.

ಹತ್ತನೇ ಮನೆ ನಿವೃತ್ತ ಹೆಡ್‌ಮಾಸ್ತರ ವೀರಭದ್ರಪ್ಪನವರದು. ಮೂವತ್ತೈದು ವರ್ಷ ಊರಿನ ಮಕ್ಕಳ ತಪ್ಪಿಗೆ ಕೆಂಪು ಮಸಿ ಸುರಿದವರು. ತಮ್ಮ ತಪ್ಪನ್ನು ಇನ್ನೊಬ್ಬರು ತೋರಿಸಿದ್ದನ್ನು ಕಂಡವರಲ್ಲ. ನಳ ಬಂದ್ ಆದದ್ದೇ ಧೋತರದ ಚುಂಗು ಹಿಡಿದು ಕೋಣೆಗೆ ಬಂದರು. ಸಾಲನ್ನು ಮೂರು ಸಲ ಓದಿದರು. ಎಲ್ಲವೂ ಸರಿಯಾಗಿತ್ತು. ಆದರೆ ಕರ್ಸರ್ ಅಲ್ಲಿಂದ ಕದಲದೆ ಮಿಣಮಿಣ ಮಿಂಚುತ್ತಿತ್ತು, ಹಳೆಯ ಶಿಷ್ಯ ಪಕ್ಕದಲ್ಲಿ ನಿಂತು ನಗುತ್ತಿದ್ದ. ತಮ್ಮ ವೃತ್ತಿಯ ಪದ್ಧತಿಯಂತೆ ಹೆಡ್‌ಮಾಸ್ತರರು ಸಾಲಿನ ಕೊನೆಗೆ ‘ನೋಡಿದೆ, ಸರಿ ಇದೆ’ ಎಂದು ಬರೆದು, ಅಡ್ಡಗೆರೆ ಹಾಕಿ ಸಹಿಯ ಮೂರಕ್ಷರ ಒತ್ತಿ ಹೊರಟರು.

ಪಾಪ, ಕಂಪೈಲರಿಗೆ ಸಹಿ ಏನು ಗೊತ್ತು? ಮರುದಿನ ಅದು ಪಾಟಿ ಎಸೆಯಿತು. ಕರ್ಸರ್ ಒಂಬತ್ತನೇ ಮನೆಯ ಮೇಲೆ.

ಒಂಬತ್ತನೇ ಮನೆಯ ಟೇಲರ್ ಬಡವ, ಅಂಜುಬುರುಕ. ತನ್ನ ಸಾಲಿನಲ್ಲಿ ತಪ್ಪು ಕಾಣದಿದ್ದುದರಿಂದ, ಮಾತಿನಲ್ಲಿ ವಿನಯ ಕಡಿಮೆಯಾಗಿರಬೇಕು ಎಂದುಕೊಂಡು ಮುಂದೆ ‘ದಯವಿಟ್ಟು’ ಎಂದು ಸೇರಿಸಿದ. ಅದರ ಮರುದಿನ ಕರ್ಸರ್ ಎಂಟನೆಯದಕ್ಕೆ ಏರಿತು. ಎಂಟನೆಯವನು ಗಾಣದ ಎಣ್ಣೆ ಮಾರುವವನು. ಅವನು ‘ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಬರೆದ. ಏಳನೇ ಮನೆಯಲ್ಲಿ ಅಣ್ಣತಮ್ಮಂದಿರು, ಮಾತು ಬಿಟ್ಟು ಎರಡು ವರ್ಷ. ಅಣ್ಣ ಬಂದು ‘ಇದನ್ನು ಬರೆಸಿದವನು ನನ್ನ ತಮ್ಮ’ ಎಂದು ಜೋಡಿಸಿ ಹೋದ. ಆರನೆಯವರು ‘ಶರಣು ಶರಣಾರ್ಥಿ’ ಎಂದರು. ಐದನೇ ಮನೆಯ ಮುದುಕ ‘ಎಷ್ಟು ಕೊಟ್ಟರೂ ನಡೆಯುತ್ತದೆ’ ಎಂದ. ನಾಲ್ಕನೆಯವಳು, ಸಾಲಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಖಚಿತಪಡಿಸಿಕೊಂಡು, ಮೂಲೆಯಲ್ಲಿ ದಪ್ಪನೆಯ ದೃಷ್ಟಿಬೊಟ್ಟು ಇಟ್ಟಳು.

ಮನುಷ್ಯನ ಗುಣವೇ ಇದು: ಎಲ್ಲರ ಎದುರು ಬೆರಳು ತೋರಿಸಿದರೆ ಮಾಡದ ತಪ್ಪನ್ನೂ ತಿದ್ದುತ್ತಾನೆ. ತಿದ್ದಿದ್ದೇ ತಪ್ಪಾಗಿ ಮರುದಿನ ಪಕ್ಕದವನ ಮೇಲೆ ಹೋಗಿ ಕೂರುತ್ತದೆ. ಹೀಗೆ ತಪ್ಪು ಎಂಬುದು ಮೊದಲ ಓಣಿಯಲ್ಲಿ ದಿನಕ್ಕೊಂದು ಮನೆಯಂತೆ, ಹಬ್ಬದ ಚಂದಾ ಎತ್ತುವವರ ಹಾಗೆ, ಒಂದು ಬಾಗಿಲನ್ನೂ ಬಿಡದೆ ಮೇಲೆ ಮೇಲೆ ಬಂತು. ಗುರುಸಿದ್ಧ ಇದನ್ನೂ ತನ್ನ ಪ್ರತಾಪವೆಂದೇ ಬಗೆದ. ಇಪ್ಪತ್ತೆರಡು ವರ್ಷ ಬೆರಳಿಗೆ ಸಿಗದ ತಪ್ಪುಗಳನ್ನು ತನ್ನ ಎಡಿಟರ್ ವಾರದಲ್ಲಿ ಹೆಕ್ಕಿತು, ಓಣಿಯ ತುಂಬ ಕಳ್ಳ ತಪ್ಪುಗಳಿದ್ದವು ಎಂದು ಚಹಾದಂಗಡಿಯಲ್ಲಿ ಹೇಳಿದ. ಕರ್ಸರ್ ಜಿಗಿಯುವ ವೇಗಕ್ಕೆ ಪರದೆಯಿಂದ ಗಾಳಿ ಬರುತ್ತದೆ, ನನಗೆ ಫ್ಯಾನೇ ಬೇಡವಾಗಿದೆ ಎಂದೂ ಸೇರಿಸಿದ.

ಇತ್ತ ಶಿವಗಂಗವ್ವನಿಗೆ ಬೇಡಿದ ನೀರು ಒಂದು ದಿನವೂ ಬರಲಿಲ್ಲ. ಓಣಿಯ ಕಡತ ಮಾಸ್ತರ ಕೈಯಲ್ಲಿ ಪಾಸಾಗಬೇಕು, ಆಮೇಲಲ್ಲವೇ ಮೂವತ್ತು ಕೊಡ? ಬಾಣಂತಿ ಇದ್ದ ಮನೆಗೆ ಓಣಿಯವರು ಸರದಿಯ ಮೇಲೆ ಕೊಡ ಹೊತ್ತು ಹಾಕುವುದು ಗಾಳಿಕಟ್ಟಿಯ ವಾಡಿಕೆ. ಆದರೆ ನಳ ಬಂದ್ ಆಗಿ ಮಾನ ಕಳೆದುಕೊಂಡ ಒಂದೊಂದು ಮನೆಯೂ, ಆಕೆಯ ಅರ್ಜಿ ಹೋದಲ್ಲಿಂದಲೇ ಈ ಪೀಡೆ ಎಂದು ಗೊಣಗುತ್ತ ಸರದಿ ಬಿಟ್ಟಿತು. ಹೆಡ್‌ಮಾಸ್ತರರ ಮನೆಯವರು ಎರಡು ಮನೆಯ ನಡುವಿನ ಕಿಟಕಿಯನ್ನೇ ಮುಚ್ಚಿದರು. ಹನ್ನೊಂದನೇ ದಿನದ ಹೊತ್ತಿಗೆ ನೀರು ಹೊರುವವಳು ದಾಕ್ಷಾಯಣಿ ಒಬ್ಬಳೇ, ಓಣಿಯ ಆ ತುದಿಯಿಂದ ಈ ತುದಿಗೆ.

ಆ ಸಂಜೆ ಅವಳು ಸೊಂಟಕ್ಕೆ ಕೈಕೊಟ್ಟು ಕಟ್ಟೆಯ ಮೇಲೆ ಕೂತು, ಬಾಣಂತಿಗೆ ಇಂದು ಒಂದೇ ಹೊತ್ತು ನೀರಾಯಿತು, ಆ ಹುಡುಗಿ ನಡುಗುತ್ತ ಕೂತಿತ್ತು ಎಂದು ಹೇಳಿದಳು. ಗುರುಸಿದ್ಧ ತಟ್ಟೆಯ ಮೇಲೆ ಬಗ್ಗಿ ಬೇಗ ಬೇಗ ಊಟ ಮುಗಿಸಿದ. ದ್ಯಾಮವ್ವನೂ ಅಂದು ಹೊರಡುವಾಗ ಒಂದು ಮಾತು ಬಿಟ್ಟಿದ್ದಳು: ತಪ್ಪು ಇದ್ದಲ್ಲೇ ಇರುತ್ತದೆ, ಮೆಟ್ಟಿಲು ಹತ್ತುವ ತಪ್ಪನ್ನು ನಾನು ಕಂಡಿಲ್ಲ ತಮ್ಮಾ, ಒಂದು ಸಲ ಬೆರಳಿಟ್ಟು ನೋಡಲೇನು? ಅವನು ಬೇಡ ಎಂದಿದ್ದ. ಹತ್ತು ಸಾವಿರ ಕಡತದ ಮಾತು ಆಡಿಯಾಗಿತ್ತು; ಅದರ ಮೇಲೆ ಬೆರಳಿಡಿಸುವುದು ಹೇಗೆ?

ಹನ್ನೆರಡನೇ ದಿನ ಕರ್ಸರ್ ಜಿಗಿದು ಗುರುಸಿದ್ಧನ ಸ್ವಂತ ಮನೆಯ ಸಾಲಿನ ಮೇಲೆ ನಿಂತಿತು.

ಕೋಣೆಯಲ್ಲಿ ಸದ್ಯ ಅವನೊಬ್ಬನೇ ಇದ್ದ. ತನ್ನ ಸಾಲನ್ನು ಓದಿದ. ಅದನ್ನು ಬರೆಸಿದವಳು ದಾಕ್ಷಾಯಣಿ. ಅವಳ ಕಸೂತಿಯ ಹಾಗೆ ಸ್ವಚ್ಛವಾಗಿತ್ತು. ಒಂದು ಗಳಿಗೆ ಅವನ ತಲೆಯೊಳಗೆ ಏನೋ ಅಲುಗಿತು: ಇದರಲ್ಲಿ ತಪ್ಪಿಲ್ಲವಾದರೆ ಉಳಿದವರ ಸಾಲುಗಳಲ್ಲಿ? ಆದರೆ ಹೊರಗೆ ದ್ಯಾಮವ್ವನ ಚಪ್ಪಲಿಯ ಸದ್ದು ಕೇಳಿತು. ಯೋಚಿಸಲು ಹೊತ್ತಿರಲಿಲ್ಲ. ಸಾಲಿನ ಕೊನೆಗೆ ಗಡಬಡಿಸಿ ‘ಇಂತಿ ತಮ್ಮ ವಿಧೇಯ’ ಎಂದು ಒತ್ತಿ ಕಡತ ಮುಚ್ಚಿದ. ಮನೆಗೆ ಹೋಗಿ, ಗೋಪುರದ ಕೊಳವೆ ತೊಳೆಯುತ್ತಿದ್ದಾರೆ, ಅದಕ್ಕೇ ನಳದಲ್ಲಿ ನೀರಿಲ್ಲ ಎಂದು ಹೆಂಡತಿಗೆ ಹೇಳಿದ. ದಾಕ್ಷಾಯಣಿ ಎರಡನೇ ಮನೆಯ ನಳ ಧೋ ಎಂದು ಸುರಿಯುವುದನ್ನು ಕೇಳಿಸಿಕೊಂಡು, ಗಂಡನ ಮುಖ ನೋಡಿ, ಹೌದೇ ಎಂದಳು. ಅಷ್ಟೇ ಅಂದಳು. ಅವಳು ಒಂದೇ ಪದ ಆಡಿದ ದಿನ ಗುರುಸಿದ್ಧನಿಗೆ ಊಟ ರುಚಿಸುವುದಿಲ್ಲ.

ಹದಿಮೂರನೇ ದಿನ. ಮಧ್ಯಾಹ್ನಕ್ಕೆ ತೊಟ್ಟಿಲು. ಹದಿನೈದು ದಿನ ಎಂದಿದ್ದ ನದಾಫ್ ಬಾಯಿಯವರು, ಮೊದಲ ಓಣಿಯ ಹತ್ತು ದೂರುಗಳು ಕೈಸೇರಿದ್ದರಿಂದ ಎರಡು ದಿನ ಮೊದಲೇ, ಆರು ಹೊಡೆಯುವಾಗ ಕೋಣೆಗೆ ಬಂದರು. ಅವರ ಹಿಂದೆ ಓಣಿಯೇ ಬಂತು: ಮುಂದೆ ಹೆಡ್‌ಮಾಸ್ತರರು, ಅಣ್ಣನೂ ತಮ್ಮನೂ ಬೇರೆಬೇರೆ ಗೋಡೆಗೆ, ದೃಷ್ಟಿಬೊಟ್ಟಿನವಳು, ಬಾಗಿಲ ಬಳಿ ಖಾಲಿ ಕೊಡ ಹಿಡಿದ ಶಿವಗಂಗವ್ವ, ಅವಳ ಪಕ್ಕದಲ್ಲಿ ದಾಕ್ಷಾಯಣಿ. ಇವತ್ತು ಪಾಸಾದರೆ ಬೀಗರಿಗೆ ಅಡುಗೆ, ಇಲ್ಲದಿದ್ದರೆ ಅರವತ್ತು ಮಂದಿಯ ಎದುರು ಶಿವಗಂಗವ್ವನ ಮಾನ ಹೋಗುತ್ತದೆ. ಗುರುಸಿದ್ಧನಿಗೆ ಒಳಗೊಳಗೆ ಸಮಾಧಾನವಿತ್ತು. ಹನ್ನೊಂದು ಮನೆಯೂ ಮುಗಿದಿವೆ. ಇನ್ನು ತಪ್ಪು ಹೋಗಲು ಜಾಗವೇ ಇಲ್ಲ.

ಮಾಸ್ತರು ಓದಿದರು. ಎಡಿಟರ್ ಜಿಗಿಯಿತು.

ಕರ್ಸರ್ ಹೋಗಿ ಶ್ರೀಕಾರದ ಮೇಲೆ ನಿಂತಿತು.

ಟೇಲರ್ ತಿಳಿಯದೆಯೇ ಕೈ ಮುಗಿದ. ಹೆಡ್‌ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು:

“ಏನಲೇ ಗುರುಸಿದ್ಧ, ಇವತ್ತ ದೇವರ ನಳಾನೂ ಬಂದ್ ಮಾಡಾಂವ ಇದ್ದೀ ಏನು?”

ಗುರುಸಿದ್ಧ ಬಾಯಿ ತೆರೆದ. ಅದು ತೆರೆದರೆ ಏನಾದರೊಂದು ಬರಲೇಬೇಕು. ಈ ಮೇಲಿನ ಗುರುತುಗಳದ್ದೇ ದೋಷವಿರಬೇಕು, ನಲವತ್ತು ಓಣಿಯ ಕಡತಗಳಿಂದಲೂ ಇವನ್ನು ಅಳಿಸಿಬಿಟ್ಟರೆ ಎಲ್ಲ ಸುಗಮ ಎಂದ. ಓಣಿಯವರ ಮುಖ ಕಪ್ಪಿಟ್ಟಿತು. ನದಾಫ್ ಬಾಯಿ ಮಾತ್ರ ಕರ್ಸರನ್ನೇ ನೋಡುತ್ತಿದ್ದರು. ನೀವು ಪರೀಕ್ಷೆ ಮಾಡಿದ ಕಡತಗಳ ನೆತ್ತಿಯ ಮೇಲೆ ಇಂಥ ಗುರುತು ಇದ್ದವೇ ಎಂದು ಮೆತ್ತಗೆ ಕೇಳಿದರು.

“ಇದ್ದೂರಿ ಬಾಯಾರ. ಹತ್ತು ಸಾವಿರಕ್ಕೂ ಇದ್ದೂ.”

ಬಾಗಿಲ ಬಳಿ ದಾಕ್ಷಾಯಣಿ ಫೋನು ಹೊರತೆಗೆದು ಏನೋ ಒತ್ತಿದಳು. ಪರದೆ ಅಲುಗಿತು. ಮುಚ್ಚಿಟ್ಟಿದ್ದ ಸುದ್ದಿಯ ಕಿಂಡಿಗೆ ಒಂದು ಸಾಲು ಬಂದಿತ್ತು, ಅಚ್ಚಿಗೆ ಅದು ಅಂದವಾಗಿ ಹೊಂದಿತ್ತು. ನಿಷ್ಠೆಯ ಎಡಿಟರ್ ಗುರುಸಿದ್ಧನ ಅಪ್ಪಣೆಗೆ ಕಾಯಲಿಲ್ಲ, ಕಾಯದ ಹಾಗೆ ಕಲಿಸಿದವನು ಅವನೇ. ಓಣಿಯ ಕಡತ ಬಿಟ್ಟು, ‘ಮನಿ’ ಎಂಬ ಕಡತ ತೆರೆದು, ಮೊದಲ ಸಾಲಿಗೆ ಜಿಗಿದು ನಿಂತಿತು. ಉಪ್ಪು. ಅದರ ಕೆಳಗೆ ತೊಗರಿಬೇಳೆ, ಸಾಬೂನು, ಅಗರಬತ್ತಿ. ಉಪ್ಪಿನ ಮೇಲೆ ಶ್ರೀಯಿಲ್ಲ, ಏನೂ ಇಲ್ಲ, ಬೋಳು ಹಣೆ.

ನದಾಫ್ ಬಾಯಿ ಕಿಂಡಿ ತೆರೆದು ಸುದ್ದಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು: “ತಪ್ಪು: ಮನಿ: 1: ಹತ್ತು ಸಾವಿರ ಅಲ್ಲ. ಇದೊಂದ.”

ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಗುರುಸಿದ್ಧ ನೆಲ ನೋಡುತ್ತ ನಿಂತ. ದ್ಯಾಮವ್ವ ಯಾರ ಅಪ್ಪಣೆಯನ್ನೂ ಕೇಳದೆ ಮೊದಲ ಓಣಿಯ ಕಡತವನ್ನು ತನ್ನ ಹಳೆಯ ಪರದೆಗೆ ಎಳೆದುಕೊಂಡಳು. ಎಡ ಅಂಚಿನ ಮಸುಕು ಗೆರೆ ಎಲ್ಲರಿಗೂ ಕಂಡಿತು. ಅದು ಪರದೆಯ ನೆತ್ತಿಯಿಂದ ಶುರುವಾಗಿರಲಿಲ್ಲ. ಶ್ರೀಕಾರ ದಾಟಿ, ಎರಡನೇ ಸಾಲಿನಿಂದ ಇಳಿದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಬೆರಳು ಆ ಮೇಲಿನ ಸಾಲನ್ನು ಮುಟ್ಟಿರಲಿಲ್ಲ.

“ಮ್ಯಾಲಿಂದು ದೇವರ ಸಾಲು. ಅದನ್ನ ಯಾರರೆ ಮನಿ ಲೆಕ್ಕದಾಗ ಎಣಸ್ತಾರೇನು?” ಎಂದಳು ದ್ಯಾಮವ್ವ.

ಮಾಸ್ತರೂ ಎಣಿಸುವುದಿಲ್ಲ ಎಂದು ನದಾಫ್ ಬಾಯಿ ವಿವರಿಸಿದರು. ಕಂಪೈಲರ್ ಬರೆಯುವಾಗ ಯಾರ ಗುರುತಿಗೂ ನೋವಾಗದಿರಲಿ ಎಂದು, ನೆತ್ತಿಯ ಸಾಲನ್ನು ಬಿಟ್ಟು ಅದರ ಕೆಳಗಿನಿಂದ ಒಂದು ಎಂದು ಎಣಿಸಲು ತಾವೇ ಕಲಿಸಿದ್ದರು. ಕೈಪಿಡಿಯ ಒಂಬತ್ತನೇ ಪುಟದಲ್ಲಿ ಅದು ದಪ್ಪಕ್ಷರದಲ್ಲಿದೆ. ಎಡಿಟರಿಗೆ ದೇವರೂ ಒಂದು ಸಾಲು, ಉಪ್ಪೂ ಒಂದು ಸಾಲು. ಹೀಗಾಗಿ ಮಾಸ್ತರು ಹನ್ನೊಂದು ಅಂದಾಗಲೆಲ್ಲ ಅದು ಹತ್ತನೇ ಮನೆಯ ಬಾಗಿಲು ಬಡಿದಿದೆ, ಹತ್ತು ಅಂದಾಗ ಒಂಬತ್ತನೆಯದನ್ನು. ತಾನಾಗಿ ಆದ ತಪ್ಪು ಮೊದಲಿನದೊಂದೇ. ಉಳಿದ ಹತ್ತು ಕರ್ಸರ್ ಮಾಡಿಸಿದ ತಪ್ಪುಗಳು.

“ಹಂಗಾರ ಮೊದಲಿನ ತಪ್ಪು ಯಾರದು?” ಹೆಡ್‌ಮಾಸ್ತರರು ಕೇಳಿದರು.

ದ್ಯಾಮವ್ವನ ಬೆರಳು ಗೆರೆಯ ಗುಂಟ ಇಳಿಯಿತು. ಒಂದನೇ ಮನೆಯ ಮುಂದೆ ನಿಂತು ‘ಇಂತಿ ತಮ್ಮ ವಿಧೇಯ’ ಎಂದು ಓದಿದಳು. ಆಗ ಮಾತ್ರ ದಾಕ್ಷಾಯಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಂದೆ ಒಂದೊಂದೇ ವಿನಯ, ಒಂದೊಂದೇ ಶರಣು ಓದಿ ಅಳಿಸುತ್ತ ಹೋದರು. ‘ಇದನ್ನು ಬರೆಸಿದವನು ನನ್ನ ತಮ್ಮ’ ಎಂಬುದು ಬಂದಾಗ ತಮ್ಮ ಅಣ್ಣನ ಕಡೆ ನೋಡಿ, ಎರಡು ವರ್ಷದ ಮೇಲೆ ಮೊದಲ ಮಾತು ಆಡಿದ. ಅದು ಇಲ್ಲಿ ಬರೆಯುವಂಥದ್ದಲ್ಲ. ಹೆಡ್‌ಮಾಸ್ತರರು ತಮ್ಮ ಸಹಿಯನ್ನು ತಾವೇ ಅಳಿಸಿದರು. ಬೆರಳು ಹನ್ನೊಂದಕ್ಕೆ ಬಂತು. ‘ಬಾಣಂತಿ ಮನೆ’ ಎಂದು ತೆರೆದ ಕಂಸ ತೆರೆದೇ ಇತ್ತು. ಮುಚ್ಚುವ ಹೊತ್ತಿನಲ್ಲಿ ಬರೆದವನು ಮೂರು ಜಿಲ್ಲೆ ಸುತ್ತುತ್ತಿದ್ದ.

“ನಂದ” ಎಂದ ಗುರುಸಿದ್ಧ. ಅವನ ಬಾಯಿಂದ ಬಂದ ಅತಿ ಸಣ್ಣ ವಾಕ್ಯ ಅದು.

ಕಂಸ ಮುಚ್ಚಿದರು. ಎಡಿಟರಿನ ಎಣಿಕೆಗೆ, ನೆತ್ತಿಯಲ್ಲಿ ಗುರುತಿದ್ದರೆ ಒಂದು ಕೂಡು ಎಂಬ ಸಾಲನ್ನು ದ್ಯಾಮವ್ವ ಹೇಳಿ, ಗುರುಸಿದ್ಧ ಬರೆದ. ನದಾಫ್ ಬಾಯಿ ತಮ್ಮ ವಿಶೇಷ ಅಪ್ಪಣೆಯಿಂದ ಮಾಸ್ತರನ್ನು ಆ ದಿನ ಎರಡನೇ ಸಲ ಓದಿಸಿದರು. ಮಾಸ್ತರು ಕೊನೆಯವರೆಗೆ ಓದಿ ‘ಸರಿ’ ಎಂದರು. ಓಣಿಯ ಆ ತುದಿಯಲ್ಲಿ ಶಿವಗಂಗವ್ವನ ಹಂಡೆಗೆ ನೀರು ಬಿದ್ದ ಸದ್ದು ಗೋಪುರದವರೆಗೆ ಕೇಳಿತು. ಇದು ಮಾತ್ರ ಉತ್ಪ್ರೇಕ್ಷೆಯಲ್ಲ. ಕೋಣೆ ಅಷ್ಟು ಮೌನವಾಗಿತ್ತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಾಯಿಯ ಬಾಲಕ್ಕೂ ಗುರುಸಿದ್ಧನ ನಾಲಿಗೆಗೂ ಒಂದೇ ಗುಣ. ಮಧ್ಯಾಹ್ನ ತೊಟ್ಟಿಲ ಮನೆಯಲ್ಲಿ, ಹೊಟ್ಟೆಗೆ ಹೋಳಿಗೆ ಬಿದ್ದದ್ದೇ ಅವನಿಗೆ ಜೀವ ಬಂತು. ಬೇರೆ ಊರಿನಿಂದ ಬಂದ ಬೀಗರಿಗೆ ಬೆಳಗಿನ ಸುದ್ದಿ ತಿಳಿದಿರಲಿಲ್ಲ. ಅವರನ್ನು ಸುತ್ತ ಕೂರಿಸಿಕೊಂಡು, ಓಣಿಯ ಜನರ ತಾಳ್ಮೆ ಪರೀಕ್ಷಿಸಲೆಂದೇ ತಾನು ಹತ್ತು ದಿನ ಕರ್ಸರನ್ನು ಬೇಕೆಂದೇ ಒಂದು ಮನೆ ಮೇಲಕ್ಕೆ ಓಡಿಸಿದೆ, ದೇವರ ಮೇಲೂ ನಿಲ್ಲಿಸಿ ತೋರಿಸಿದೆ ಎಂದು ಶುರುಮಾಡಿದ.

ತೊಟ್ಟಿಲ ಬಳಿ ಆಗಷ್ಟೇ ಕೂಸಿನ ಸೋದರತ್ತೆ ಕಿವಿಯಲ್ಲಿ ಮೂರು ಸಲ ಕುರ್ರ್ ಎಂದು ಮಂದಾಕಿನಿ ಎಂದು ಹೆಸರಿಟ್ಟಿದ್ದಳು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಕೂಡಿ ಗುದ್ದುವುದು ಪದ್ಧತಿ. ಅವರ ಮುಷ್ಟಿಗಳು ಇನ್ನೂ ಬಿಸಿಯಾಗಿದ್ದವು. ದಾಕ್ಷಾಯಣಿ ಎದ್ದು ಬಂದು, ನೀರು ಬರದಿದ್ದರೆ ಹೆಸರು ಬದಲಿಸಿ ತೊಟ್ಟಿಲಲ್ಲಿಡು ಅಂದಿದ್ದಿರಲ್ಲ, ತೊಟ್ಟಿಲಿಗೆ ಹಿಡಿಸದಿದ್ದರೂ ಬೆನ್ನು ಕೊಡಿರಿ ಎಂದು ಗಂಡನನ್ನು ಬಗ್ಗಿಸಿದಳು.

ಮೊದಲ ಗುದ್ದು ಶಿವಗಂಗವ್ವನದು. ಬೇಕೆಂದು ಓಡಿಸಲಿಲ್ಲ, ಗೊತ್ತಿರಲಿಲ್ಲ ಎಂದು ಗುರುಸಿದ್ಧ ಒಪ್ಪಿಕೊಂಡ. ಎರಡನೆಯದು ದೃಷ್ಟಿಬೊಟ್ಟಿನವಳದು. ಆರು ತಿಂಗಳಲ್ಲ, ಎರಡು ಮಧ್ಯಾಹ್ನ. ಮೂರನೆಯದಕ್ಕೆ, ಕೈಪಿಡಿಯಲ್ಲಿ ತಾನು ಓದಿದ್ದು ಮುಖಪುಟ ಒಂದೇ ಎಂದ. ನಾಲ್ಕನೆಯದಕ್ಕೆ ಅಜ್ಜಿಯ ಜೋಗುಳ ಬಂತು: ಚೀರಿದ್ದು ನಿಜ, ಆದರೆ ಹೊಟ್ಟೆನೋವಿಗೆ. ಬೀಗರು ಊಟ ಬಿಟ್ಟು ನೋಡುತ್ತಿದ್ದರು.

ಕೊನೆಗೆ ದ್ಯಾಮವ್ವ ಬಂದಳು. ಅವಳು ಗುದ್ದಲಿಲ್ಲ. ಸವೆದ ತೋರುಬೆರಳನ್ನು ಅವನ ಬೆನ್ನುಮೂಳೆಯ ಮೇಲಿಟ್ಟು, ಮೇಲಿನ ಒಂದು ಮಣಿ ಬಿಟ್ಟು, ಎಣಿಸುವವಳ ಹಾಗೆ ನಿಧಾನ ಇಳಿಸುತ್ತ, “ಮತ್ತ ಆ ಮೂರು ಜಿಲ್ಲಾದ ಸೀನು, ತಮ್ಮಾ?” ಎಂದು ಕೇಳಿದಳು.

ಗುರುಸಿದ್ಧ ಬಗ್ಗಿದಲ್ಲಿಂದಲೇ ಉತ್ತರ ಕೊಟ್ಟ.

“ಮೂರು ಜಿಲ್ಲಾ ಅಲ್ಲಕ್ಕಾ, ಒಂದ ಕಂಪ್ಯೂಟರ್. ಹೋದ ಬ್ಯಾಸಗ್ಯಾಗ, ಬಾಯಾಗ ಚಹಾ ಇತ್ತು, ಸೀನು ಬಂತು. ಅದು ತಪ್ಪೇನೂ ಒಪ್ಪಿಕೊಳ್ಳಲಿಲ್ಲ, ಸುಮ್ಮನ ಸತ್ತು ಹೋತು.” ಬೆನ್ನು ಇನ್ನಷ್ಟು ಬಗ್ಗಿಸಿ ಸೇರಿಸಿದ: “ಅದು ನಿಂದ.”